ಎಸ್ಪೊಸಿಟೊ ಎಂಬ ನನ್ನ ಅಡ್ಡಹೆಸರು

ಅಮೆರಿಕದ ಡ್ಯಾಲಸ್ ಪಕ್ಕದ ಕ್ಯಾರಲ್ಟನ್ನಿನ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ‘ಎಸ್ಪೊಸಿಟೊ’ ಎಂದು ಕೂಗಿದಾಗ ನಾನು ಎದ್ದು ನಿಲ್ಲುತ್ತೇನೆ. ಕೂಗಿದ ಹುಡುಗಿ ನನ್ನ ಹಿಂದೆ ಇನ್ಯಾರಾದರೂ ಬರುತ್ತಿದ್ದಾರೇನೋ ಎಂದು ಒಮ್ಮೆ ಇಣುಕಿ ನೋಡುತ್ತಾಳೆ. ಅಂಗಡಿಗಳಲ್ಲಿ ಕಾರ್ಡಿನ ಮೇಲಿನ ಹೆಸರು ಓದಿದವರು ನನ್ನ ಜೊತೆ ಸ್ಪ್ಯಾನಿಷ್‌ನಲ್ಲಿ ಮಾತು ಶುರು ಮಾಡುತ್ತಾರೆ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಎದೆಯ ಮೇಲಿನ ಚೀಟಿ ನೋಡಿದವರು, “ಓ, ಹಸ್ಬೆಂಡ್ ಅಮೆರಿಕನ್ನಾ?” ಎನ್ನುತ್ತಾರೆ. ನನಗೆ ಮದುವೆಯಾಗಿಲ್ಲ. ಗೋವಾದವಳೂ ಅಲ್ಲ, ಮಂಗಳೂರಿನವಳೂ ಅಲ್ಲ. ಮೈಸೂರಿನ ಆಚೆಯ ಒಂದು ಸಣ್ಣ ಊರಿನ ಕಾನ್ವೆಂಟಿಗೆ ಸೇರಿದ ಅನಾಥಾಲಯದಲ್ಲಿ ಬೆಳೆದವಳು. ಈ ಇಟಲಿಯ ಹೆಸರು ನನಗೆ ಅಂಟಿಕೊಂಡದ್ದು ಅಲ್ಲಿಯೇ.

ಅನಾಥಾಲಯದಲ್ಲಿ ನಾವು ಸುಮಾರು ನಲವತ್ತು ಹುಡುಗಿಯರಿದ್ದೆವು. ಹೆಚ್ಚಿನವರ ಹೆಸರಿನ ಹಿಂದೆ ಯಾರಾದರೊಬ್ಬ ಸಂತರ ಹೆಸರಿತ್ತು. ನನಗೊಬ್ಬಳಿಗೆ ಮಾತ್ರ ಇದು. ಶಾಲೆಯ ಮೇಷ್ಟ್ರು ಹಾಜರಿ ಕರೆಯುವಾಗ ಇಲ್ಲಿಗೆ ಬಂದು ತಡವರಿಸಿ, ಕೊನೆಗೆ “ಎಸ್ಸು” ಎಂದಷ್ಟೇ ಕೂಗಿ ಮುಂದೆ ಹೋಗುತ್ತಿದ್ದರು. ಹೆಸರಿಟ್ಟವರು ನಮ್ಮ ಮದರ್. ನೇಪಲ್ಸ್ ಕಡೆಯಿಂದ ಚಿಕ್ಕ ವಯಸ್ಸಿನಲ್ಲೇ ಬಂದು ನಮ್ಮ ಊರಿನಲ್ಲೇ ಮುದುಕಿಯಾದವರು. ಕನ್ನಡವನ್ನು ಚೆನ್ನಾಗಿಯೇ ಆಡುತ್ತಿದ್ದರು, ಆದರೆ ಳಕಾರ ಅವರ ನಾಲಿಗೆಗೆ ಕೊನೆಯವರೆಗೂ ಹತ್ತಲಿಲ್ಲ.

ಎಂಟೋ ಒಂಬತ್ತೋ ವಯಸ್ಸಿನಲ್ಲಿ ಒಂದು ದಿನ ಕೇಳಿದೆ: “ಮದರ್, ನನ್ನ ಹೆಸರಿಗೆ ಅರ್ಥ ಏನು?”

ಅವರು ತೋಟದಲ್ಲಿ ಬೀನ್ಸ್ ಬಳ್ಳಿಗೆ ಕಡ್ಡಿ ಊರುತ್ತಿದ್ದರು. ತಲೆ ಎತ್ತದೆ ಹೇಳಿದರು: “ಅದು ನಮ್ಮ ಊರಲ್ಲಿ ತುಂಬಾ ಜನಕ್ಕೆ ಇರೋ ಹೆಸರು. ಬೀದೀಲಿ ನಿಂತು ಒಂದು ಸಲ ಕೂಗಿದ್ರೆ ಅರ್ಧ ಬೀದಿ ತಿರುಗಿ ನೋಡುತ್ತೆ.”

ನನಗೆ ಅಷ್ಟು ಸಾಕಾಗಿತ್ತು. ಎಲ್ಲೋ ದೂರದಲ್ಲಿ ನನ್ನ ಹೆಸರಿಗೆ ತಿರುಗಿ ನೋಡುವ ಅರ್ಧ ಬೀದಿ ಜನರಿದ್ದಾರೆ ಎಂದು ಉಬ್ಬಿಹೋದೆ. ಹಾಸಿಗೆ ಹಾಸುವ ಹೊತ್ತಿನಲ್ಲಿ ಬೇರೆ ಹುಡುಗಿಯರ ಮುಂದೆ ಅದನ್ನೇ ಹೇಳಿಕೊಂಡು ಜಂಬ ಪಟ್ಟದ್ದು ನೆನಪಿದೆ. ನನಗೆ ಹನ್ನೆರಡಾದಾಗ ಮದರ್ ಕಾಯಿಲೆಯಿಂದ ತಮ್ಮ ದೇಶಕ್ಕೆ ಮರಳಿದರು. ಎರಡು ವರ್ಷದಲ್ಲಿ ತೀರಿಕೊಂಡ ಸುದ್ದಿ ಬಂತು.

ಆ ಹೆಸರಿನ ಅರ್ಥ ನನಗೆ ತಿಳಿದದ್ದು ಅಮೆರಿಕದ ಆಸ್ಟಿನ್ನಿನಲ್ಲಿ. ಸಿವಿಲ್ ಎಂಜಿನಿಯರಿಂಗ್ ಮುಗಿಸಿ, ಸ್ಕಾಲರ್‌ಶಿಪ್ಪಿನ ಮೇಲೆ ಅಲ್ಲಿಗೆ ಎಂ.ಎಸ್. ಮಾಡಲು ಬಂದಿದ್ದೆ. ಮೊದಲ ಚಳಿಗಾಲದಲ್ಲಿ ಒಂದು ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಪಕ್ಕದ ಸಭಾಂಗಣದಲ್ಲಿ ಕಾಫಿ ಇಟ್ಟಿದ್ದರು. ಎಲ್ಲರೂ ಹೆಸರಿನ ಚೀಟಿ ಬರೆದು ಅಂಟಿಸಿಕೊಳ್ಳಬೇಕಿತ್ತು. ಎಪ್ಪತ್ತು ದಾಟಿದ ಒಬ್ಬ ಎತ್ತರದ ಮನುಷ್ಯ ನನ್ನ ಚೀಟಿ ಓದಿ, ಕಾಫಿ ಲೋಟವನ್ನು ಪಕ್ಕಕ್ಕಿಟ್ಟು, ಎರಡೂ ಕೈ ಚಾಚಿದರು.

“ಕಸಿನ್!” ಎಂದರು. ಅವರ ಚೀಟಿಯಲ್ಲೂ ಅದೇ ಹೆಸರಿತ್ತು.

ನನಗೆ ಆದ ಸಂತೋಷ ಇಷ್ಟಿಷ್ಟಲ್ಲ. ಮದರ್ ಹೇಳಿದ ಬೀದಿಯಲ್ಲಿ ಮೊದಲನೆಯವರೊಬ್ಬರು ತಿರುಗಿ ನೋಡಿದ್ದರು. ಅವರ ಅಜ್ಜ ನೇಪಲ್ಸಿನಿಂದ ನ್ಯೂಜೆರ್ಸಿಗೆ ಹಡಗಿನಲ್ಲಿ ಬಂದವರಂತೆ. ಇವರು ನಿವೃತ್ತರಾದ ಮೇಲೆ ಮಗಳ ಮನೆಗೆಂದು ಆಸ್ಟಿನ್ನಿಗೆ ಬಂದಿದ್ದರು. ನಾನು ಹೆಸರನ್ನು ಹೇಳುವ ರೀತಿ ಕೇಳಿ ಬೆರಗಾದರು. ಅಮೆರಿಕದಲ್ಲಿ ಎಲ್ಲರೂ ‘ಎಸ್ಪೊಝೀಟೊ’ ಎಂದು ‘ಝೀ’ ಮೇಲೆ ಎಳೆಯುತ್ತಾರೆ, ನಾನು ಮದರ್ ಕಲಿಸಿದ ಹಾಗೆ ‘ಪೊ’ ಮೇಲೆ ಒತ್ತು ಕೊಟ್ಟು ಹೇಳಿದ್ದೆ. “ನಮ್ಮಜ್ಜಿ ಹಾಗೇ ಹೇಳ್ತಿದ್ದಳು,” ಎಂದರು. ಆಮೇಲೆ, “ಅರ್ಥ ಗೊತ್ತೇನಮ್ಮ ನಿನಗೆ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಗೊತ್ತಿಲ್ಲವೆಂದೆ.

ಅವರು ನಗುತ್ತಲೇ ಹೇಳಿದರು. ಹಳೆಯ ಕಾಲದಲ್ಲಿ ನೇಪಲ್ಸಿನಲ್ಲಿ ಒಂದು ದೊಡ್ಡ ಧರ್ಮಾಸ್ಪತ್ರೆಯ ಗೋಡೆಯಲ್ಲಿ ತಿರುಗುವ ಮರದ ಪೀಪಾಯಿಯೊಂದಿತ್ತಂತೆ. ಸಾಕಲಾಗದ ಮಗುವನ್ನು ಬೀದಿಯ ಕಡೆಯಿಂದ ಅದರೊಳಗೆ ಇಟ್ಟು ತಿರುಗಿಸಿದರೆ ಮಗು ಒಳಕ್ಕೆ ಹೋಗುತ್ತಿತ್ತು. ಇಟ್ಟವರ ಮುಖ ಒಳಗಿದ್ದವರಿಗೆ ಕಾಣುತ್ತಿರಲಿಲ್ಲ. ಅಂಥ ಮಗುವಿಗೆ ಅಪ್ಪನ ಹೆಸರಿಲ್ಲವಲ್ಲ, ಹಾಗಾಗಿ ಪುಸ್ತಕದಲ್ಲಿ ‘ಎಸ್ಪೊಸಿಟೊ’ ಎಂದು ಬರೆದುಕೊಳ್ಳುತ್ತಿದ್ದರು. ಹೊರಗೆ ಇಟ್ಟದ್ದು ಎಂದು ಅರ್ಥ. ಬಿಟ್ಟುಹೋದದ್ದು ಎಂದು.

“ಈಗ ನೋಡು, ಆ ಸೀಮೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಜನಕ್ಕೆ ಇರೋದು ಇದೇ ಹೆಸರು!” ಎಂದು ಅವರು ನನ್ನ ಭುಜ ತಟ್ಟಿದರು. “ನಮ್ಮ ವಂಶದಲ್ಲೂ ಯಾರನ್ನೋ ಆ ಡಬ್ಬದಲ್ಲಿ ಹಾಕಿ ಹೋಗಿರಬೇಕು. ಅಂದಹಾಗೆ, ನಿನ್ನ ಗಂಡನ ಕಡೆಯವರು ಯಾವ ಊರಿನವರು?”

ಅವರ ಮಟ್ಟಿಗೆ ಅದು ಐದಾರು ತಲೆಮಾರಿನ ಹಿಂದಿನ ತಮಾಷೆಯ ಕಥೆ. ಡಬ್ಬದಲ್ಲಿ ಹಾಕಿ ಹೋದ ಮಗು ಎದುರಿಗೇ ನಿಂತಿದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ನಾನು ಬಸ್ಸಿನ ನೆಪ ಹೇಳಿ ಹೊರಗೆ ಬಂದೆ. ಚೀಟಿಯನ್ನು ಕಿತ್ತು ಕೋಟಿನ ಜೇಬಿಗೆ ತುರುಕಿದೆ. ಆ ಚರ್ಚಿಗೆ ಮತ್ತೆ ಹೋಗಲಿಲ್ಲ.

ಆ ವಾರವೆಲ್ಲ ನನಗೆ ಮದರ್ ಮೇಲೆ ಬಂದ ಸಿಟ್ಟನ್ನು ಈಗಲೂ ಪೂರ್ತಿ ಹೇಳಲಾರೆ. ಅನಾಥಾಲಯದ ಹುಡುಗಿಯರು ಹೊರಗೆ ಹೋದಾಗ ಎಲ್ಲಿ ಬೆಳೆದೆವೆಂದು ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಬೇರೆಯವರಿಗೆಲ್ಲ ಆ ಅನುಕೂಲವಿತ್ತು. ನನ್ನ ಹಣೆಯ ಮೇಲೆ ಮಾತ್ರ ಮದರ್ ಅದನ್ನೇ ಬರೆದು, ಪಾಸ್‌ಪೋರ್ಟಿನವರೆಗೂ ಕಳುಹಿಸಿದ್ದರು. ಅರ್ಧ ಬೀದಿ ತಿರುಗಿ ನೋಡುತ್ತದೆ ಎಂದು ನಂಬಿಸಿದ್ದು ಬೇರೆ.

ಹೆಸರು ಬದಲಾಯಿಸಿಕೊಳ್ಳಬೇಕು ಎಂದು ಆಗಲೇ ತೀರ್ಮಾನಿಸಿದೆ. ಓದು ಮುಗಿಯಲಿ ಎಂದು ಕಾದೆ. ಓದು ಮುಗಿದು ಡ್ಯಾಲಸ್ಸಿನ ಒಂದು ಸಣ್ಣ ಎಂಜಿನಿಯರಿಂಗ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಹೊಸ ಬಡಾವಣೆಗಳಿಗೆ ಮಳೆನೀರಿನ ಚರಂಡಿ ಡಿಸೈನ್ ಮಾಡುವ ಕೆಲಸ. ಕಂಪನಿ ನನ್ನ ವೀಸಾ ಮಾಡಿಸಿತು, ಕೆಲವು ವರ್ಷದ ಮೇಲೆ ಇಲ್ಲೇ ನೆಲೆಸಲು ಬೇಕಾದ ಗ್ರೀನ್ ಕಾರ್ಡಿಗೂ ಅರ್ಜಿ ಹಾಕಿತು. ಆಗ ಆ ಅರ್ಜಿ ನೋಡಿಕೊಳ್ಳುತ್ತಿದ್ದ ಕಂಪನಿಯ ಲಾಯರಮ್ಮನನ್ನು ಹೆಸರಿನ ಬಗ್ಗೆ ಕೇಳಿದೆ.

ಆಕೆ ಫೋನಿನಲ್ಲಿ ತಕ್ಷಣ ಹೇಳಿದಳು: “ದಯವಿಟ್ಟು ಈಗ ಅದನ್ನ ಮುಟ್ಟಬೇಡಿ. ಡಿಗ್ರಿ, ಪಾಸ್‌ಪೋರ್ಟ್, ವೀಸಾ, ಅರ್ಜಿ, ಎಲ್ಲದರಲ್ಲೂ ಅದೇ ಹೆಸರಿದೆ. ಒಂದು ಕಡೆ ಬದಲಾದ್ರೆ ಹತ್ತು ಕಡೆ ವಿವರಣೆ ಕೊಡಬೇಕು. ಕಾರ್ಡ್ ಬರಲಿ, ಆಮೇಲೆ ನೋಡೋಣ.”

ಆ ‘ಆಮೇಲೆ’ ಒಂಬತ್ತು ವರ್ಷ ಎಳೆಯಿತು. ನಮ್ಮ ದೇಶದಲ್ಲಿ ಹುಟ್ಟಿ ಗ್ರೀನ್ ಕಾರ್ಡಿಗೆ ಕಾಯುವವರ ಸಾಲು ಎಷ್ಟು ಉದ್ದವೆಂದು ಇಲ್ಲಿರುವ ಎಲ್ಲರಿಗೂ ಗೊತ್ತು. ಸಾಲಿನಲ್ಲಿರುವಾಗ ಕೆಲಸ ಬಿಡುವ ಹಾಗಿಲ್ಲ. ಕೆಲಸ ಹೋದರೆ ಅರವತ್ತು ದಿನದಲ್ಲಿ ಬೇರೆ ಹುಡುಕಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಊರಿಗೆ ಹೋದರೆ ವೀಸಾದ ಮುದ್ರೆ ಮತ್ತೆ ಹಾಕಿಸಿಕೊಂಡೇ ಬರಬೇಕು, ಅಲ್ಲಿ ಸಿಕ್ಕಿಹಾಕಿಕೊಂಡ ಇಬ್ಬರು ಮೂವರನ್ನು ನಾನೇ ಕಂಡಿದ್ದೆ. ಹಾಗಾಗಿ ಏಳು ವರ್ಷ ನಾನು ಎಲ್ಲಿಗೂ ಹೋಗಲಿಲ್ಲ. ಹೂಸ್ಟನ್ ಬಳಿಯ ದ ವುಡ್‌ಲ್ಯಾಂಡ್ಸ್‌ನ ಒಂದು ಕಂಪನಿಯವರು ನದಿಯ ಪ್ರವಾಹದ ಲೆಕ್ಕಾಚಾರ ಮಾಡುವ ಒಳ್ಳೆಯ ಕೆಲಸ ಕೊಡುತ್ತೇವೆಂದು ಕರೆದರು. ಗ್ರೀನ್ ಕಾರ್ಡಿನ ಅರ್ಜಿ ಮೊದಲಿಂದ ಹಾಕಬೇಕಾದೀತು ಎಂದ ಕೂಡಲೇ ನಾನೇ ಬೇಡವೆಂದೆ. ಮರುದಿನ ನಮ್ಮ ಮ್ಯಾನೇಜರ್ ಹೊಸ ಹುಡುಗರಿಗೆ ನನ್ನನ್ನು ಪರಿಚಯಿಸುತ್ತ, “ಈಕೆ ನಮ್ಮ ಗೋಡೆ ಇದ್ದ ಹಾಗೆ. ಎಲ್ಲಿಗೂ ಹೋಗಲ್ಲ,” ಎಂದು ನಕ್ಕ. ಹೊಗಳಿಕೆಯೆಂದೇ ಅವನ ಲೆಕ್ಕ. ನಾನೂ ನಕ್ಕೆ. ಲಿಫ್ಟಿನಲ್ಲಿ ಒಬ್ಬಳೇ ಇಳಿಯುವಾಗ ಬಾಗಿಲು ತೆರೆಯದಿದ್ದರೆ ಎಂಬ ಭಯ ಆ ದಿನಗಳಲ್ಲೇ ಹತ್ತಿದ್ದು. ಆಮೇಲೆ ನಾಲ್ಕು ಮಹಡಿ ಮೆಟ್ಟಿಲಲ್ಲೇ ಹತ್ತಿ ಇಳಿಯುತ್ತಿದ್ದೆ.

ಆ ವರ್ಷಗಳಲ್ಲಿ ಕ್ಯಾರಲ್ಟನ್ನಿನ ಸಾರ್ವಜನಿಕ ಲೈಬ್ರರಿಯಲ್ಲಿ ಕೂತು ಹೆಸರುಗಳ ಬಗ್ಗೆ ಓದುವ ಚಟವೊಂದು ಬಿತ್ತು. ಗಾಯವನ್ನು ಕೆರೆದುಕೊಳ್ಳುವ ಹಾಗೆ ಓದುತ್ತಿದ್ದೆ. ‘ಹೊರಗೆ ಇಡಲ್ಪಟ್ಟದ್ದು’ ಎನ್ನುವ ಲ್ಯಾಟಿನ್ ಮಾತಿನಿಂದ ಬಂದ ಶಬ್ದವಂತೆ. ಸ್ಪ್ಯಾನಿಷ್‌ನಲ್ಲೂ ಹೆಚ್ಚುಕಡಿಮೆ ಇದೇ ರೂಪದಲ್ಲಿದೆ. ಇಟಲಿಯ ಬೇರೆ ಊರುಗಳಲ್ಲಿ ಬೇರೆ ಹೆಸರು: ಕೆಲವು ಕಡೆ ‘ಪ್ರೊಯೆಟ್ಟಿ’, ಎಸೆಯಲ್ಪಟ್ಟವರು, ಕೆಲವು ಕಡೆ ‘ಟ್ರೊವಾಟೊ’, ಸಿಕ್ಕಿದವನು, ಫ್ಲಾರೆನ್ಸಿನಲ್ಲಿ ‘ಇನೊಸೆಂಟಿ’, ಏನೂ ಅರಿಯದ ಕೂಸುಗಳು. ಅದೇ ಮಗು ಇನ್ನೊಂದು ಊರಿನ ಬಾಗಿಲಲ್ಲಿ ಬಿದ್ದಿದ್ದರೆ ‘ಸಿಕ್ಕಿದವಳು’ ಆಗುತ್ತಿತ್ತಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು. ಮುಂದೆ ಬಂದ ಸರ್ಕಾರಗಳು ಮಕ್ಕಳಿಗೆ ಹೀಗೆ ಗುರುತು ಹಚ್ಚಬಾರದೆಂದು ನಿಲ್ಲಿಸಿದವಂತೆ. ಅಷ್ಟರಲ್ಲಿ ಆ ಮಕ್ಕಳು ಮದುವೆಯಾಗಿ, ಮಕ್ಕಳು ಮೊಮ್ಮಕ್ಕಳಾಗಿ, ಹೆಸರು ಊರು ತುಂಬಿಹೋಗಿತ್ತು. ಕೆಲವರು ಮೊದಲ ಅಕ್ಷರ ಕಿತ್ತು ‘ಸ್ಪೊಸಿಟೊ’ ಮಾಡಿಕೊಂಡರು, ಉಳಿದವರು ಹಾಗೆಯೇ ಇಟ್ಟುಕೊಂಡರು. ಇಟ್ಟುಕೊಂಡವರಿಗೆ ಏನನಿಸುತ್ತಿತ್ತು ಎಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಕೊನೆಗೊಂದು ವಸಂತದಲ್ಲಿ ನನ್ನ ಸರದಿ ಬಂತು, ಅದರ ಬೆನ್ನಿಗೇ ಇಮಿಗ್ರೇಷನ್ ಇಲಾಖೆಯಿಂದ ಒಂದು ಪತ್ರವೂ ಬಂತು. ಹುಟ್ಟಿದ ದಿನ, ಹುಟ್ಟಿದ ಊರು, ತಾಯಿತಂದೆಯ ಹೆಸರು ಇರುವ ಜನನ ಪ್ರಮಾಣಪತ್ರ ಕಳುಹಿಸಿ. ಇಲ್ಲದಿದ್ದರೆ, ಇಲ್ಲವೆಂಬುದಕ್ಕೆ ದಾಖಲೆ ಮತ್ತು ಹುಟ್ಟನ್ನು ಬಲ್ಲ ಇಬ್ಬರು ಪ್ರಮಾಣ ಮಾಡಿ ಬರೆದ ಅಫಿಡವಿಟ್ ಕಳುಹಿಸಿ. ಮೂರು ತಿಂಗಳಿಗೂ ಕಡಿಮೆ ಸಮಯ. ನನ್ನ ಬಳಿ ಇದ್ದದ್ದು ದೀಕ್ಷಾಸ್ನಾನದ ಚೀಟಿ ಮತ್ತು ಶಾಲೆಯ ಟಿ.ಸಿ. ಪತ್ರವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಎಷ್ಟು ಹೊತ್ತು ಕೂತಿದ್ದೆನೋ, ಮನೆಯ ಆಂಟಿ ಬಂದು ಎದುರಿಗೆ ಕೂತದ್ದು ಗೊತ್ತಾಗಲಿಲ್ಲ.

ಆ ಆಂಟಿಯ ಮನೆಯ ಮಹಡಿಯ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಹುಬ್ಬಳ್ಳಿಯ ಹತ್ತಿರದ ಊರಿನವರು, ಅಲ್ಲಿ ಶಾಲೆಯ ಟೀಚರ್ ಆಗಿದ್ದವರು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದವರು. ಒಂದು ವರ್ಷಕ್ಕೆಂದು ಬಂದ ನಾನು ಅವರ ಮನೆಯಲ್ಲಿ ಎಂಟು ವರ್ಷ ಇದ್ದೆ. ವೀಸಾದ ಮೇಲಿರುವವಳು ಮಂಚ, ಕಪಾಟು ಕೊಂಡು ಏನು ಮಾಡುವುದು ಎಂಬ ಯೋಚನೆ.

“ಯಾಕ ಯವ್ವಾ, ಹಿಂಗ್ಯಾಕ ಕುಂತಿ?” ಎಂದರು. ಪತ್ರ ಓದಿ, “ಹೂಸ್ಟನ್ನಿಗೆ ಹೋಗೂಣು ನಡಿ. ಕಾನ್ಸುಲೇಟಿನ್ಯಾಗ ಪಾಸ್‌ಪೋರ್ಟ್ ನೋಡಿ ಬರ್ಥ್ ಸರ್ಟಿಫಿಕೇಟ್ ಕೊಡ್ತಾರಂತ. ನಾನೂ ಬರ್ತೀನಿ. ನೀ ಒಬ್ಬಾಕಿ ಡ್ರೈವ್ ಮಾಡೂದು ಬ್ಯಾಡ,” ಎಂದರು.

ಒಂದು ಮುಂಜಾನೆ ಹೊರಟೆವು. ಹೂಸ್ಟನ್ನಿಗೆ ನಾಲ್ಕು ಗಂಟೆಯ ದಾರಿ. ದಾರಿಯ ಕಾರ್ಸಿಕಾನಾ ಊರು ದಾಟುವವರೆಗೆ ಆಂಟಿ ಉಪ್ಪಿಟ್ಟಿನ ಡಬ್ಬಿ, ಥರ್ಮಾಸಿನ ಚಹಾದ ವಿಚಾರದಲ್ಲೇ ಇದ್ದರು. ಆಮೇಲೆ ಸಹಜವಾಗಿ ಕೇಳಿದರು: “ಎಂಟು ವರ್ಸಾತು, ನಾ ಕೇಳಿಲ್ಲ, ನೀ ಹೇಳಿಲ್ಲ. ಈ ಅಡ್ಡಹೆಸರು ಎಲ್ಲಿಂದ ಬಂತು ನಿನಗ?”

ಕಾರಿನಲ್ಲಿ ಇಬ್ಬರೇ ಮುಂದೆ ನೋಡುತ್ತ ಕೂತಿರುವಾಗ ಕೆಲವು ಮಾತು ಸುಲಭ. ನಾನು ಹೇಳಿದೆ. ಅನಾಥಾಲಯ, ಮದರ್, ಆಸ್ಟಿನ್ನಿನ ಮುದುಕರು, ಗೋಡೆಯ ಪೀಪಾಯಿ, ಹೆಸರಿನ ಅರ್ಥ, ಎಲ್ಲವನ್ನೂ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಇನ್ನೊಬ್ಬರಿಗೆ ಹೇಳಿದ್ದು.

ಆಂಟಿ ಚಹಾದ ಥರ್ಮಾಸನ್ನು ಕಾಲ ಬಳಿ ಇಟ್ಟರು. ಆಮೇಲೆ ಕೇಳಿದರು: “ನಮ್ಮ ಅಡ್ಡಹೆಸರು ಏನು ಹೇಳು?”

“ಹೊರಗಿನಮನಿ.”

“ಹೌದಲ್ಲ? ನಮ್ಮ ಕಡೆ ಮೆಣಸಿನಕಾಯಿ ಅಂತ ಇರ್ತಾವು, ಉಳ್ಳಾಗಡ್ಡಿ ಅಂತ ಇರ್ತಾವು. ಕೇಳಿದವ್ರು ನಕ್ಕು ಬಿಡ್ತಾರ. ನಮ್ಮದು ಕೇಳಿದ್ರ ಯಾರೂ ನಗೂದಿಲ್ಲ. ಊರ ಹೊರಗ ಮನಿ ಇತ್ತು. ಯಾಕ ಹೊರಗ ಇತ್ತು ಅಂತ ತಿಳಿದವ್ರು ಕೇಳಂಗಿಲ್ಲ, ನಾವೂ ಹೇಳಂಗಿಲ್ಲ. ನಾ ಟೀಚರ್ ಆಗಿ ಮೊದಲನೇ ದಿನ ಹಾಜರಿ ಪುಸ್ತಕದಾಗ ಸಹಿ ಮಾಡಿದಾಗ ಹೆಡ್ ಮಾಸ್ತರ್ರು ಆ ಹೆಸರನ್ನ ಎಷ್ಟೋ ಹೊತ್ತು ನೋಡಿದ್ರು. ಆಮ್ಯಾಲ ನನ್ನ ಚಹಾ ಕಪ್ಪು ಬ್ಯಾರೆ ಆತು.”

“ಬದಲಾಯಿಸಬೇಕು ಅಂತ ಅನ್ನಿಸಲಿಲ್ವಾ ಆಂಟಿ?”

“ಅನಸ್ಲಾರದ ಏನು? ನಮ್ಮ ಮನಿಯವ್ರು ಅರ್ಜಿನೂ ಬರದಿದ್ರು. ನಮ್ಮ ಮಾವ ಬಿಡಲಿಲ್ಲ. ಹೊರಗ ಇಟ್ಟವ್ರು ಅವ್ರು, ಹೆಸರು ಯಾಕ ನಾವು ಮುಚ್ಚಿಡೂಣು ಅಂತಿದ್ರು.” ಕಿಟಕಿಯ ಕಡೆ ತಿರುಗಿ, “ನನಗ ಅಷ್ಟು ಧೈರ್ಯ ಇರಲಿಲ್ಲ, ಖರೇ ಹೇಳ್ತೀನಿ. ಈ ದೇಶಕ್ಕ ಬಂದ ಮ್ಯಾಲ ಅರ್ಥ ತಿಳಿಯೋ ಮಂದಿ ಇಲ್ಲ ಅಂತ ಹಾಯ್ ಅನಿಸ್ತು. ನಿನಗ ಉಲ್ಟಾ ಆತು ನೋಡು,” ಎಂದರು.

ಹೂಸ್ಟನ್ನಿನ ನಮ್ಮ ದೇಶದ ಕಾನ್ಸುಲೇಟಿನ ಕೌಂಟರಿನಲ್ಲಿದ್ದ ಮನುಷ್ಯ ಸೌಜನ್ಯದಿಂದಲೇ ನಡೆದುಕೊಂಡ. ನನ್ನ ಪಾಸ್‌ಪೋರ್ಟ್ ತಿರುವಿ ಕೊನೆಯ ಪುಟ ನೋಡಿದ. ತಂದೆಯ ಹೆಸರು, ತಾಯಿಯ ಹೆಸರು ಎಂಬ ಸಾಲುಗಳ ಮುಂದೆ ಏನೂ ಇರಲಿಲ್ಲ. “ಪಾಸ್‌ಪೋರ್ಟಲ್ಲಿ ಇರೋದನ್ನ ಮಾತ್ರ ನಾವು ಬರೀಬಹುದು ಮೇಡಂ. ಖಾಲಿ ಇದ್ರೆ ಖಾಲಿ ಅಂತಲೇ ಬರುತ್ತೆ,” ಎಂದ. ಖಾಲಿಯದನ್ನೇ ಕೊಡಿ ಎಂದೆ. ಕುರ್ಚಿಗೆ ಮರಳಿ ಕಾಯುವಾಗ ಆಂಟಿ ನನ್ನ ಮೊಣಕೈ ಹಿಡಿದುಕೊಂಡೇ ಇದ್ದರು.

ಇನ್ನು ಇಬ್ಬರ ಅಫಿಡವಿಟ್. ನಾನು ಬಂದ ದಿನ ಕಾನ್ವೆಂಟಿನಲ್ಲಿದ್ದವರಲ್ಲಿ ಒಬ್ಬ ಸಿಸ್ಟರ್ ಇನ್ನೂ ಇದ್ದರು. ಎಂಬತ್ತೆರಡು ವರ್ಷ, ಗಾಲಿಕುರ್ಚಿ, ಆದರೆ ನೆನಪು ಚುರುಕು. ಆಗ ಕಾನ್ವೆಂಟಿನ ಡಿಸ್ಪೆನ್ಸರಿಯಲ್ಲಿದ್ದ ಕಾಂಪೌಂಡರ್ ಕೂಡ ಅದೇ ಊರಿನಲ್ಲಿ ಮಗನ ಮನೆಯಲ್ಲಿದ್ದರು. ಲಾಯರಮ್ಮ ಒಂದು ಮಾದರಿ ಕಳುಹಿಸಿದಳು: ‘ಇವಳು ಇಂಥ ದಿನ, ಇಂಥ ಊರಿನಲ್ಲಿ, ಇಂಥವರಿಗೆ ಹುಟ್ಟಿದಳೆಂದು ನಾನು ಸ್ವತಃ ಬಲ್ಲೆ.’ ಕಾಂಪೌಂಡರ್ ಎರಡೇ ದಿನದಲ್ಲಿ ಸಹಿ ಹಾಕಿದರು. ಸಿಸ್ಟರ್ ಹಾಕಲಿಲ್ಲ.

ವಿಡಿಯೋ ಕಾಲಿನಲ್ಲಿ ಅವರ ಮುಖಕ್ಕಿಂತ ಹಣೆಯೇ ಹೆಚ್ಚು ಕಾಣುತ್ತಿತ್ತು. “ನೀನು ಹುಟ್ಟಿದ್ದನ್ನ ನಾನು ನೋಡಿಲ್ವಲ್ಲ ಮಗೂ,” ಎಂದರು. “ಯಾವ ಊರಲ್ಲಿ ಹುಟ್ಟಿದ್ಯೋ ಗೊತ್ತಿಲ್ಲ. ದಿನ ಕೂಡ ನಾವು ಅಂದಾಜಿನ ಮೇಲೆ ಬರೆದದ್ದು. ದೇವರ ಹೆಸರಲ್ಲಿ ಗೊತ್ತು ಅಂತ ಹ್ಯಾಗೆ ಬರೀಲಿ?”

“ಸಿಸ್ಟರ್, ಎಲ್ರೂ ಹೀಗೇ ಬರೆಸ್ತಾರೆ. ಬರೀ ಒಂದು ಫಾರ್ಮಾಲಿಟಿ ಇದು.”

“ಎಲ್ರ ವಿಷಯ ನಂಗ್ಯಾಕೆ?”

“ನಿಮಗೆ ಗೊತ್ತಾಗ್ತಿಲ್ಲ. ಒಂಬತ್ತು ವರ್ಷದಿಂದ ಇಲ್ಲಿ ಕೊಳೀತಿದೀನಿ ನಾನು. ಇದು ಹೋದ್ರೆ ಎಲ್ಲ ಹೋಯ್ತು.” ನನ್ನ ದನಿ ಏರಿತು. “ಆ ಹೆಸರು ಒಂದು ಕಟ್ಟಿದ್ರಿ, ಅದು ಸಾಲದು ಅಂತ ಈಗ ಇದು ಬೇರೆ.”

ನಾನು ಫೋನ್ ಇಟ್ಟುಬಿಟ್ಟೆ. ನನ್ನನ್ನು ಎತ್ತಿ ಆಡಿಸಿದವರ ಮೇಲೆ ಕೂಗಾಡಿದ್ದೆ. ನಾಲ್ಕು ದಿನ ಕ್ಷಮೆ ಕೇಳಲೂ ಧೈರ್ಯವಾಗಲಿಲ್ಲ. ಐದನೆಯ ದಿನ ಕಾನ್ವೆಂಟಿನ ಆಫೀಸಿನಿಂದ ಒಂದು ಸ್ಕ್ಯಾನ್ ಬಂತು. ಮೂರು ಪುಟ, ಸಿಸ್ಟರ್ ಅವರದೇ ಗುಂಡು ಅಕ್ಷರ, ಪೂರ್ತಿ ಕನ್ನಡ, ಕೊನೆಯಲ್ಲಿ ನೋಟರಿಯ ಮೊಹರು.

ಭಾನುವಾರದ ಮಧ್ಯಾಹ್ನ ಆಂಟಿ ಕನ್ನಡಕ ಹಾಕಿಕೊಂಡು ಊಟದ ಮೇಜಿನ ಬಳಿ ಕೂತರು. ಇಂಗ್ಲಿಷಿಗೆ ಅನುವಾದಿಸಿ ಸಹಿ ಮಾಡಬೇಕಾದವರು ಅವರು, ನಾನೇ ಮಾಡಿದರೆ ನಡೆಯುತ್ತಿರಲಿಲ್ಲ. ಮೊದಲು ಗಟ್ಟಿಯಾಗಿ ಓದಿದರು.

‘ನಾನು ಕಂಡದ್ದನ್ನು ಮಾತ್ರ ಬರೆಯುತ್ತೇನೆ,’ ಎಂದು ಶುರುವಾಗಿತ್ತು. ‘ಆ ದಿನ ಬೆಳಿಗ್ಗೆ ಡಿಸ್ಪೆನ್ಸರಿಯ ಬಾಗಿಲು ತೆಗೆದಾಗ ವೆರಾಂಡದಲ್ಲಿ ಮಕ್ಕಳನ್ನು ತೂಗುವ ತಕ್ಕಡಿಯ ತಟ್ಟೆಯಲ್ಲಿ ಹೆಣ್ಣು ಮಗು ಮಲಗಿತ್ತು. ಹಳದಿ ಸೀರೆಯ ತುಂಡು ಸುತ್ತಿತ್ತು. ಮುಳ್ಳು ಆಗಲೇ ತೂಕ ತೋರಿಸುತ್ತಿತ್ತು. ಕಾಂಪೌಂಡರ್ ನೋಡಿ ನಾಲ್ಕು ಐದು ದಿನದ ಮಗು ಎಂದರು. ಅದರಿಂದ ಎಣಿಸಿ ಹುಟ್ಟಿದ ದಿನ ಬರೆದೆವು. ಹೊಕ್ಕುಳನ್ನು ಯಾರೋ ಬಲ್ಲವರು ಚೆನ್ನಾಗಿ ಕಟ್ಟಿದ್ದರು. ಮಗು ಅಳುತ್ತಿರಲಿಲ್ಲ, ಹೊಟ್ಟೆ ತುಂಬಿತ್ತು. ಕುಡಿಸಿಯೇ ಬಿಟ್ಟು ಹೋಗಿದ್ದರು.’

ಆಂಟಿ ನಿಲ್ಲಿಸಿ ನನ್ನನ್ನು ನೋಡಿದರು. ಮುಂದೆ ಓದಿ ಎಂದೆ.

‘ಹೆಸರಿನ ವಿಷಯವಾಗಿ. ಇದು ಮದರ್ ಅವರ ಸ್ವಂತ ಮನೆತನದ ಹೆಸರು. ಸನ್ಯಾಸ ತೆಗೆದುಕೊಂಡ ಮೇಲೆ ಅವರು ಅದನ್ನು ಬಳಸುತ್ತಿರಲಿಲ್ಲ. ಮಕ್ಕಳಿಗೆ ಸಂತರ ಹೆಸರಿಡುವುದು ನಮ್ಮ ಪದ್ಧತಿ. ಇದು ಸರಿಯಲ್ಲವೆಂದು ನಾನೇ ಅವರ ಹತ್ತಿರ ಜಗಳವಾಡಿದೆ. ಅವರು, “ನನ್ನದೊಂದು ಹೆಸರು ಸುಮ್ಮನೆ ಬಿದ್ದಿದೆ, ಯಾರೂ ಉಪಯೋಗಿಸ್ತಿಲ್ಲ, ಈ ಮಗು ಇಟ್ಕೊಲ್ಲಲಿ” ಎಂದರು. ತಮ್ಮ ಮುತ್ತಜ್ಜನ ಅಪ್ಪನೂ ಹೀಗೇ ಬಂದವನು ಎಂದೂ ಹೇಳಿದರು. ಅದರ ಅರ್ಥವೇನೆಂದು ನಾನು ಕೇಳಲಿಲ್ಲ. ಬೇರೆ ಯಾವ ಮಗುವಿಗೂ ಅವರು ಅದನ್ನು ಕೊಡಲಿಲ್ಲ.’

‘ಇಟ್ಕೊಲ್ಲಲಿ’ ಎಂದೇ ಬರೆದಿದ್ದರು ಸಿಸ್ಟರ್. ಪ್ರಮಾಣ ಮಾಡಿ ಬರೆಯುವಾಗ ಮದರ್ ಅವರ ಉಚ್ಚಾರವನ್ನೂ ತಿದ್ದಲು ಅವರ ಮನಸ್ಸು ಒಪ್ಪಿರಲಿಲ್ಲ. ಅದನ್ನು ಓದುವಾಗ ಆಂಟಿಗೆ ನಗು ಬಂತು. ನನಗೆ ಅಳು ಬಂತು. ನನ್ನ ಸಿಟ್ಟು ಅಷ್ಟಕ್ಕೆ ಇಳಿಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಪ್ರೀತಿಯಿಂದಲೇ ಕೊಟ್ಟಿದ್ದರೂ, ಆ ಮಾತಿನ ಅರ್ಥ ಮದರ್ ಅವರಿಗೆ ಗೊತ್ತಿತ್ತಲ್ಲ. ನನಗೊಂದು ಮಾತು ಹೇಳಬಹುದಿತ್ತು. ಆದರೆ ಅಷ್ಟು ವರ್ಷ ನಾನು ಅವರನ್ನು ಹಣೆಪಟ್ಟಿ ಬರೆಯುವ ಗುಮಾಸ್ತೆಯ ಹಾಗೆ ಕಂಡಿದ್ದೆ. ಅವರೂ ಅದೇ ಹೆಸರಿನಡಿ ಹುಟ್ಟಿ, ಅದೇ ಬೀದಿಯಲ್ಲಿ ಬೆಳೆದವರೆಂದು ಒಮ್ಮೆಯೂ ಹೊಳೆದಿರಲಿಲ್ಲ. ಅಂದೇ ಸಿಸ್ಟರ್‌ಗೆ ಫೋನ್ ಮಾಡಿದೆ. ಕ್ಷಮಿಸಿ ಎನ್ನುವಷ್ಟರಲ್ಲಿ ಅವರು, “ಅಕ್ಷರ ಓದೋಕಾಯ್ತಾ? ಕೈ ನಡುಗುತ್ತೆ ಈಗ,” ಎಂದು ಮಾತು ತಿರುಗಿಸಿದರು.

ಲಾಯರಮ್ಮನಿಗೆ ಅನುವಾದ ನೋಡಿ ಗಾಬರಿಯಾಯಿತು. “ಇದು ನಾನು ಕೊಟ್ಟ ಮಾದರಿಯಲ್ಲಿ ಇಲ್ಲವೇ ಇಲ್ಲ. ಹುಟ್ಟಿದ ದಿನ ಅಂದಾಜು ಅಂತ ಬರೆದಿದ್ದಾರೆ,” ಎಂದಳು. ಕಾಂಪೌಂಡರ್ ಸಹಿ ಮಾಡಿದ ಸುಲಭದ ಕಾಗದವನ್ನೂ ನಾನು ಹಿಂದಕ್ಕೆ ಪಡೆದೆ. ಅವರಿಂದಲೂ ಕಂಡದ್ದನ್ನೇ ಬರೆಸಿದೆ. “ನಿಜ ಇಷ್ಟೇ ಇರೋದು. ಇದನ್ನೇ ಕಳಿಸಿ,” ಎಂದೆ. ಹಾಗೆ ಹೇಳಿದ ಮೇಲೆ ಏಳು ತಿಂಗಳು ಉತ್ತರಕ್ಕೆ ಕಾದೆ. ಸಂಜೆ ಬಂದ ಕೂಡಲೇ ಅಂಚೆಪೆಟ್ಟಿಗೆ ತೆರೆದು ನೋಡುತ್ತಿದ್ದೆ. ಆಫೀಸಿನಲ್ಲಿ ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಬೆಚ್ಚುತ್ತಿದ್ದೆ. ಸಿಸ್ಟರ್ ಅವರ ಪ್ರಾಮಾಣಿಕತೆಯನ್ನು ದಿನಕ್ಕೊಮ್ಮೆ ಮೆಚ್ಚಿಕೊಂಡು, ದಿನಕ್ಕೆರಡು ಸಲ ಶಪಿಸಿದ್ದೂ ಉಂಟು.

ಕಾರ್ಡು ಒಂದು ಮಂಗಳವಾರ ಬಂತು, ಸೂಪರ್ ಮಾರ್ಕೆಟಿನ ಕೂಪನ್ನುಗಳ ನಡುವೆ. ಅದರ ಮೇಲೆ ನನ್ನ ಹೆಸರು, ಅಂದಾಜಿನ ಹುಟ್ಟಿದ ದಿನ, ತಟಸ್ಥ ಮುಖದ ಫೋಟೋ. ಆಂಟಿ ಶೇಂಗಾ ಹೋಳಿಗೆ ಮಾಡಿದರು. ಪೌರತ್ವದ ಅರ್ಜಿ ಹಾಕುವಾಗ ಬೇಕಿದ್ದರೆ ಹೆಸರು ಬದಲಿಸಿಕೊಳ್ಳಬಹುದು, ಅದಕ್ಕೊಂದು ಜಾಗವಿರುತ್ತದೆ ಎಂದು ಲಾಯರಮ್ಮ ಬರೆದಿದ್ದಳು. ಅದಕ್ಕೆ ಇನ್ನೂ ಐದು ವರ್ಷವಿದೆ. ಏನು ಮಾಡುವೆನೋ ಈಗ ಹೇಳಲಾರೆ. ಸದ್ಯಕ್ಕೆ ಅವಸರವೇನೂ ಕಾಣುತ್ತಿಲ್ಲ.

ನಾನು ಎಣಿಸದಿದ್ದದ್ದು ಮುಂದಿನ ಸಂಗತಿ. ಕಾರ್ಡು ಬಂದ ಮರುದಿನವೇ ರಾಜೀನಾಮೆ ಕೊಡುತ್ತೇನೆಂದು ಒಂಬತ್ತು ವರ್ಷ ಅಂದುಕೊಂಡಿದ್ದವಳು ನಾಲ್ಕು ತಿಂಗಳು ಅದೇ ಕುರ್ಚಿಯಲ್ಲಿ ಕೂತೆ. ಯಾರೂ ಹಿಡಿದಿರಲಿಲ್ಲ. ಬೆಳಿಗ್ಗೆ ಎದ್ದರೆ ಕಾಲು ತಾನಾಗಿಯೇ ಆ ಮೆಟ್ಟಿಲು ಹತ್ತುತ್ತಿತ್ತು. ದ ವುಡ್‌ಲ್ಯಾಂಡ್ಸ್‌ನ ಕಂಪನಿಗೆ ಬರೆಯಲೆಂದು ಕೂತರೆ ‘ನಮಸ್ಕಾರ’ದ ಮುಂದೆ ಮಾತು ಹೊರಡುತ್ತಿರಲಿಲ್ಲ. ಕೊನೆಗೆ ಆಂಟಿಯೇ ಒಂದು ದಿನ ತಿಂಡಿ ತಟ್ಟೆ ಮುಂದಿಟ್ಟು, “ಯವ್ವಾ, ಬಾಗಲಾ ತಗದು ಎಷ್ಟ ದಿನಾತು? ಒಳಗ ಕುಂತು ಏನ್ ಮಾಡಾಕತ್ತಿ?” ಎಂದರು.

ಆ ವಾರ ಬರೆದೆ. ಆ ಕಂಪನಿಯವರು ಇನ್ನೂ ನನ್ನನ್ನು ಮರೆತಿರಲಿಲ್ಲ, ಕೆಲಸ ಕೊಟ್ಟರು. ಮ್ಯಾನೇಜರ್‌ಗೆ ರಾಜೀನಾಮೆ ಪತ್ರ ಕೊಟ್ಟಾಗ ಅವನು ನಿಜಕ್ಕೂ ನೊಂದುಕೊಂಡ. ಹೊರಗೆ ಬಂದು ಕಾರಿನಲ್ಲಿ ಕೂತೆ. ಆಗಸ್ಟಿನ ಬಿಸಿಲಿಗೆ ಸೀಟು ಸುಡುತ್ತಿತ್ತು. ಎ.ಸಿ. ಹಾಕಿದೆ. ಮಧ್ಯಾಹ್ನ ಎರಡು ಗಂಟೆ. ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು, ಎಲ್ಲಿಗೆ ಎಂದು ತಿಳಿಯಲಿಲ್ಲ. ಸಿಸ್ಟರ್ ಅವರನ್ನು ಕಂಡುಬರೋಣವೆಂದು ಫೋನ್ ತೆಗೆದು ಬೆಂಗಳೂರಿನ ಟಿಕೆಟ್ ಹುಡುಕಿದೆ. ಕ್ರಿಸ್‌ಮಸ್ಸಿಗೆ ನಾಲ್ಕು ದಿನ ಮುಂಚಿನದು ಸಿಕ್ಕಿತು. ತುಂಬಬೇಕಾದ ಜಾಗಗಳನ್ನು ಒಂದೊಂದಾಗಿ ತುಂಬಿದೆ, ಎರಡು ಸಲ ತಪ್ಪಾಗಿ ಒತ್ತಿದೆ, ಮೂರನೆಯ ಸಲ ಸರಿಯಾಯಿತು. ಆಮೇಲೆ ಗೇರ್ ಹಾಕಿ ನಿಧಾನವಾಗಿ ರಸ್ತೆಗೆ ಇಳಿದೆ.